ಹೊಸ ಲೆಕ್ಕದ ಮೊದಲ ಸಾಲು

ಹೆಸರು: ಗಂಗರತ್ನಮ್ಮ ಕೋಂ ನರಸಿಂಹಪ್ಪ. ವಯಸ್ಸು: 38 ವರ್ಷ. ಕಸುಬು: ಮನೆಗೆಲಸ. ಓದು: ನಾಲ್ಕನೇ ತರಗತಿ. ಸ್ವಂತ ಸ್ಥಳ: ಕ್ಯಾಲನೂರು. ಹಾಲಿ ವಾಸ: ಶ್ರೀ ಲಕ್ಷ್ಮೀನರಸಿಂಹ ಗೊಬ್ಬರ ಮತ್ತು ಬಿತ್ತನೆ ಬೀಜದ ಅಂಗಡಿಯ ಹಿಂಭಾಗದ ಮನೆ, ಕೋಲಾರ ಟೌನ್.

ಹೇಳಿಕೆ ಪಡೆದ ಸ್ಥಳ: ಮೇಲ್ಕಂಡ ಮನೆಯ ನಡುಮನೆ. ದಿನಾಂಕ 8-4-1989, ಶನಿವಾರ, ಮಧ್ಯಾಹ್ನ 3-15 ಗಂಟೆ.

ಮೇಲ್ಕಂಡ ಹೆಸರಿನ ನಾನು ತಮ್ಮ ಮುಂದೆ ಬಾಯಲ್ಲಿ ಹೇಳಿ ಬರೆಸುವುದೇನೆಂದರೆ,

ನಮ್ಮ ಅಂಗಡಿಯ ಹೊಸ ಲೆಕ್ಕ ಕಳುವಾಗಿದೆ ಎಂಬ ಕಥೆಯನ್ನು ಈ ಮನೆಯೊಳಗೆ ಮೊದಲು ಹೇಳಿದವಳು ಅಂಗಡಿ ಗುಡಿಸುವ ಆಂಜಿನಮ್ಮ. ಹೇಳಿದ್ದು ನಿನ್ನೆ, ಯುಗಾದಿಯ ದಿನ, ಬೆಳಿಗ್ಗೆ ಸುಮಾರು ಒಂಬತ್ತೂವರೆಗೆ. ನಾನು ಒಲೆಯ ಮುಂದೆ ಹೋಳಿಗೆ ತಟ್ಟುತ್ತಿದ್ದೆ. ಅವಳು ಪೊರಕೆ ಹಿಡಿದುಕೊಂಡೇ ಒಳಗೆ ಓಡಿಬಂದು, 'ಅಯ್ಯೋ ಅಮ್ಮಯ್ಯಾ, ಆ ಕಂಪ್ಯೂಟರ್ ಹುಡುಗಿ ಹೊಸ ಲೆಕ್ಕಾನೇ ಎತ್ಕೊಂಡ್ ಹೋಗವ್ಳಂತೆ, ಅಯ್ನೋರು ಕೂಗಾಡ್ತಾ ಅವ್ರೆ' ಎಂದಳು. ನಾನು ಹೌದೇನೇ ಎಂದೆ. ಕಾವಲಿಯ ಮೇಲಿನ ಹೋಳಿಗೆಯನ್ನು ಮಗುಚಿ ಹಾಕಿದೆ. ಲೆಕ್ಕ ಎಲ್ಲಿದೆಯೆಂದು ನನಗೆ ಹಿಂದಿನ ದಿನದಿಂದಲೇ ಗೊತ್ತಿತ್ತು.

ನಾನು ಇಷ್ಟು ಹೇಳುತ್ತಲೇ ಹೆಡ್ ಕಾನ್‌ಸ್ಟೆಬಲ್ ಮುನಿಕೃಷ್ಣಪ್ಪನವರು ಪೆನ್ನು ನಿಲ್ಲಿಸಿ, 'ತಾಯೀ, ಅದು ಕೊನೆಗೆ ಬರ್ಬೇಕಾದ್ದು. ಮೊದಲಿಂದ ಬನ್ನಿ' ಎಂದರು. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ನಾನು ಈ ಮನೆಗೆ ಸೊಸೆಯಾಗಿ ಬಂದದ್ದು 1970ರಲ್ಲಿ. ಆಗ ನನ್ನ ಮಾವನವರು ಬದುಕಿದ್ದರು. ಆ ವರ್ಷದ ಯುಗಾದಿಯ ದಿನ ಅವರು ಹೊಸ ಲೆಕ್ಕದ ಪುಸ್ತಕವನ್ನು ದೇವರ ಮುಂದೆ ಇಟ್ಟು, ನಾಲ್ಕು ಮೂಲೆಗೂ ಅರಿಶಿನ ಹಚ್ಚಿಸಿ, ನನ್ನನ್ನು ಕರೆದು ಮಣೆಯ ಮೇಲೆ ಕೂರಿಸಿದರು. 'ನಿಂಗೆ ಅಕ್ಷರ ಬರ್ತದಂತಲ್ಲಮ್ಮ, ಮೊದಲನೇ ಸಾಲು ನೀನೇ ಬರಿ. ಶ್ರೀ ಅಂತ ಹಾಕಿ, ಕೆಳಗೆ ಉಪ್ಪು ಅಂತ ಬರಿ' ಎಂದರು. ಹೊಸ ವರ್ಷದ ಮೊದಲ ಖರೀದಿ ಉಪ್ಪೇ ಆಗಬೇಕೆಂಬುದು ಈ ಮನೆಯ ಪದ್ಧತಿ. ನಾನು ಬರೆದೆ. 'ಪ್ಪು' ಸ್ವಲ್ಪ ಕೆಳಗೆ ಜಾರಿತು. ಆ ವರ್ಷ ಮಳೆ ಚೆನ್ನಾಗಿ ಆಗಿ, ವಕ್ಕಲೇರಿ ಕಡೆಯವರೂ ಸುಗಟೂರು ಕಡೆಯವರೂ ನಮ್ಮಲ್ಲೇ ಬೀಜ ಕೊಂಡರು. ಮಾವನವರು ಬೀದಿಯವರಿಗೆಲ್ಲ, ಸೊಸೆಯ ಕೈಗುಣ ದೊಡ್ಡದು ಎಂದು ಹೇಳಿಕೊಂಡು ಬಂದರು.

ಅಂದಿನಿಂದ ಹೋದ ವರ್ಷದವರೆಗೆ ಮೊದಲನೇ ಸಾಲು ನನ್ನದೇ. ಮಾವನವರು ತೀರಿಕೊಂಡ ವರ್ಷವೂ ನಾನೇ ಬರೆದೆ. ಇದನ್ನು ಯಾಕೆ ಇಷ್ಟು ಹೇಳುತ್ತೇನೆಂದರೆ, ವರ್ಷದಲ್ಲಿ ನಾನು ಬರೆಯುವುದು ಅದೊಂದೇ ಸಾಲು. ಕಾಗದ ಬರೆಯಬೇಕಾದರೆ ಯಜಮಾನರು ಬರೆಯುತ್ತಾರೆ. ಸಾಮಾನಿನ ಚೀಟಿಯನ್ನು ಬಾಯಲ್ಲಿ ಹೇಳಿ ಕಳುಹಿಸುತ್ತೇನೆ. ನಾಲ್ಕನೇ ತರಗತಿಯ ಓದು ನನಗೆ ವರ್ಷಕ್ಕೊಂದು ದಿನ ಕೆಲಸಕ್ಕೆ ಬರುತ್ತಿತ್ತು. ಯಾರಾದರೂ ರೈತರು ಬಾಕಿಯ ಬಗ್ಗೆ ತಕರಾರು ತೆಗೆದು ಯಜಮಾನರು ಪುಸ್ತಕವನ್ನು ಮೊದಲಿನಿಂದ ಮಗುಚಿದರೆ, ಎಲ್ಲಕ್ಕಿಂತ ಮೇಲೆ ನನ್ನ ದುಂಡನೆಯ ಅಕ್ಷರ ಕಾಣುತ್ತಿತ್ತು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ.

ಈ ವರ್ಷ ಶಿವರಾತ್ರಿಗೆ ಮುಂಚೆ ನಮ್ಮ ಯಜಮಾನರು ಬೆಂಗಳೂರಿನಿಂದ ಒಂದು ಕಂಪ್ಯೂಟರನ್ನು ಕಾರಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದರು. ಲೆಕ್ಕ ಬರೆಯುವ ಪ್ರೋಗ್ರಾಮನ್ನೂ ಅಲ್ಲಿಂದಲೇ ತಂದರು. ಪ್ರೋಗ್ರಾಮು ಒಂದು ಫ್ಲಾಪಿಯಲ್ಲಿ, ಲೆಕ್ಕ ಇನ್ನೊಂದು ಫ್ಲಾಪಿಯಲ್ಲಿ. ಫ್ಲಾಪಿ ಎಂದರೆ ಅಂಗೈಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಚೌಕ. ಮುಟ್ಟಿದರೆ ಒಣಗಿದ ಬಾಳೆಲೆಯ ಹಾಗೆ ಬಳುಕುತ್ತದೆ.

ಅದು ಬಂದ ದಿನದಿಂದ ಅಂಗಡಿಯಲ್ಲಿ ಆದ ಬದಲಾವಣೆಗಳನ್ನು ಹೇಳುತ್ತೇನೆ. ಗಲ್ಲಾಪೆಟ್ಟಿಗೆಯ ಪಕ್ಕದ ಮೂಲೆಗೆ ಪರದೆ ಕಟ್ಟಿದರು. ಒಳಗೆ ಹೋಗುವವರು ಚಪ್ಪಲಿ ಬಿಡಬೇಕೆಂದು ಹಲಗೆ ಬರೆಸಿದರು. ದೇವರ ಮನೆಗೆ ಹಲಗೆ ಇಲ್ಲ. ಮನೆಯಲ್ಲಿ ಇದ್ದ ಒಂದೇ ಟೇಬಲ್ ಫ್ಯಾನನ್ನು ಅಡುಗೆಮನೆಯಿಂದ ಕಿತ್ತು ಅದರ ಮುಂದೆ ಇಟ್ಟರು. ಕೇಳಿದ್ದಕ್ಕೆ, 'ಅದಕ್ಕೆ ಸೆಕೆ ತಡಿಯಕ್ಕಾಗಲ್ಲ ಕಣೇ' ಎಂದರು. ನಾನು ಸೌದೆ ಒಲೆಯ ಮುಂದೆ ನಿಂತಿದ್ದೆ. ಧೂಳು ಕೂರಬಾರದೆಂದು ಅದಕ್ಕೆ ಒಂದು ಹೊದಿಕೆ ಬೇಕಾಯಿತು. ಮದುವೆಯಲ್ಲಿ ನಮ್ಮಪ್ಪ ಕೊಟ್ಟಿದ್ದ ಉಣ್ಣೆಯ ಶಾಲನ್ನು ನಾನು ನುಸಿಗುಳಿಗೆ ಹಾಕಿ ಟ್ರಂಕಿನ ತಳದಲ್ಲಿ ಇಟ್ಟಿದ್ದೆ. ಯಜಮಾನರು ನನ್ನನ್ನು ಕೇಳದೆ ಅದನ್ನೇ ತೆಗೆದುಕೊಂಡು ಹೋಗಿ ಹೊದಿಸಿದರು.

ಒಂದು ದಿನ ಕರೆಂಟು ಕಡಿಮೆ ಬಂದು ಕಂಪ್ಯೂಟರಿನ ಗಾಜಿನ ಮೇಲಿನ ಹಸಿರು ಅಕ್ಷರಗಳು ಮಂಕಾದವು. ಯಜಮಾನರು ಅದರ ಪಕ್ಕದಲ್ಲಿ ಕುಳಿತು, 'ಯಾಕವ್ವಾ, ಇವತ್ತು ಹಿಂಗೆ ಮಂಕಾಗಿದ್ದೀಯಾ?' ಎಂದು ಕೇಳಿದರು. ಕಾಫಿ ತಂದಿದ್ದ ನಾನು ಇದನ್ನು ಕಿವಿಯಾರೆ ಕೇಳಿದ್ದೇನೆ. ಎರಡು ವರ್ಷದ ಹಿಂದೆ ನನಗೆ ಟೈಫಾಯಿಡ್ ಬಂದು ಮಲಗಿದ್ದಾಗ ಇದೇ ಯಜಮಾನರು ಬಾಗಿಲಲ್ಲಿ ನಿಂತು ಕೇಳಿದ್ದು, ಸಾರಿಗೆ ಹುಳಿ ಎಷ್ಟು ಹಾಕಬೇಕೆಂದು.

ಇಲ್ಲಿ ಹೆಡ್ ಕಾನ್‌ಸ್ಟೆಬಲ್‌ರವರು, 'ಅಸೂಯೆ ಉಂಟಾಯಿತು ಅಂತ ಬರೀಲಾ?' ಎಂದು ಕೇಳಿದರು. ಹೊಟ್ಟೆ ಉರಿಯಿತು ಎಂದೇ ಬರೆಯಿರಿ ಎಂದೆ. ಬರೆದುಕೊಂಡರು.

ಕಂಪ್ಯೂಟರ್ ನಡೆಸಲು ಭಾರತಮ್ಮ ಎಂಬ ಹುಡುಗಿಯನ್ನು ಕೆಲಸಕ್ಕೆ ಇಟ್ಟುಕೊಂಡರು. ಇಪ್ಪತ್ತೊಂದು ವರ್ಷ, ವಕ್ಕಲೇರಿಯವಳು, ಹಾಲಿನ ಡೈರಿಯಲ್ಲಿ ಕೆಲಸ ಮಾಡುವ ಶ್ರೀನಿವಾಸಪ್ಪನವರ ಮಗಳು. ಬೆಳಿಗ್ಗೆಯ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು. ಅವಳ ಮೇಲೆ ಹೇಳಲು ನನ್ನ ಬಳಿ ಏನೂ ಇಲ್ಲ, ಅದೇ ನನ್ನ ಕಷ್ಟ. ತಲೆ ತಗ್ಗಿಸಿ ಬರುತ್ತಿದ್ದಳು. ಅಕ್ಕಾ ಅನ್ನದೆ ಮಾತಾಡಿದವಳಲ್ಲ. ಜಡೆ ಸೊಂಟದ ಕೆಳಗೆ ಬರುತ್ತಿತ್ತು. ಗುಂಡಿಗಳನ್ನು ನೋಡದೆಯೇ ಒತ್ತುತ್ತಿದ್ದಳು, ಹತ್ತು ಬೆರಳಿನಲ್ಲೂ, ರಾಗಿ ಮೇಲೆ ಮಳೆ ಹನಿ ಬಿದ್ದ ಹಾಗೆ ಸದ್ದಾಗುತ್ತಿತ್ತು. ಒಂದು ಮಧ್ಯಾಹ್ನ ಬಿಸಿಲೆಂದು ಮಜ್ಜಿಗೆ ತೆಗೆದುಕೊಂಡು ಹೋದೆ. 'ಅಕ್ಕಾ, ಇಲ್ಲಿ ಬೇಡಿ, ಚೆಲ್ಲಿದ್ರೆ ಕೆಟ್ಟೋಗ್ತದೆ. ನಾನೇ ಆಚೆ ಬಂದು ಕುಡೀತೀನಿ' ಎಂದಳು. ಯಜಮಾನರು, 'ಕೇಳಿಸ್ತೇನೇ? ಇನ್ಮೇಲೆ ಪರದೆ ಒಳಕ್ಕೆ ಲೋಟ ಬರಕೂಡ್ದು' ಎಂದರು. ನನ್ನ ಅಂಗಡಿಯಲ್ಲಿ ನನ್ನ ಲೋಟ ಬರಕೂಡದು.

ಮಾರ್ಚ್ ತಿಂಗಳ ಕೊನೆಯ ವಾರ ಆಡಿಟರ್ ಬಂದು, ಇನ್ನು ಮುಂದೆ ಎಲ್ಲರಿಗೂ ಏಪ್ರಿಲ್ ಒಂದರಿಂದಲೇ ವರ್ಷ, ಯುಗಾದಿಯಿಂದ ಅಲ್ಲ ಎಂದು ಹೇಳಿಹೋದರು. ಏಪ್ರಿಲ್ ಒಂದು ಅಮಾವಾಸ್ಯೆಗೆ ಮುಂಚೆ ಬರುತ್ತಿತ್ತು, ಶನಿವಾರ ಬೇರೆ. ಯಜಮಾನರಿಗೆ ಕಸಿವಿಸಿಯಾಯಿತು. ಭಾರತಮ್ಮ ಉಪಾಯ ಹೇಳಿದಳು. ಯುಗಾದಿಗೆ ಮುಂಚಿನ ಆರು ದಿನದ ವ್ಯಾಪಾರವನ್ನು ಸಾಲಿನ ಎರಡನೇ ನಂಬರಿನಿಂದ ಹಾಕಿಕೊಂಡು ಹೋಗುವುದು, ಯುಗಾದಿಯ ದಿನ ಪೂಜೆ ಮಾಡಿ ಒಂದನೇ ನಂಬರು ಹಾಕುವುದು. ಅದಕ್ಕೆ ಏಪ್ರಿಲ್ ಒಂದು ಎಂದೇ ತಾರೀಖು ಕೊಟ್ಟರೆ ಯಂತ್ರ ಒಪ್ಪುತ್ತದೆ ಎಂದಳು. ಯಜಮಾನರು, 'ನೋಡ್ದೇನೇ ಬುದ್ಧಿ!' ಎಂದು ನನ್ನ ಕಡೆ ತಿರುಗಿ ಹೇಳಿದರು.

ಆ ದಿನ ಸಂಜೆ ನಾನು, ಪೇಟೆಯಿಂದ ಹೊಸ ಲೆಕ್ಕದ ಪುಸ್ತಕ ಯಾವಾಗ ತರುತ್ತೀರಿ ಎಂದು ಕೇಳಿದೆ. 'ಇನ್ಮೇಲೆ ಪುಸ್ತಕ ಇಲ್ಲ ಕಣೇ. ಎಲ್ಲಾ ಅದರಲ್ಲೇ' ಎಂದರು. ಹಾಗಾದರೆ ನನ್ನ ಸಾಲು ಎಂದೆ. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ನಕ್ಕು, 'ಅದಕ್ಕೆ ಕನ್ನಡ ಬರಲ್ಲ. ನೀನು ಬಾಯಲ್ಲಿ ಹೇಳು, ಭಾರತಿ ಹೊಡೀತಾಳೆ' ಎಂದರು. ಊಟಕ್ಕೆ ಬಡಿಸಿ ಬಂದೆ. ಅವರು ಚೆನ್ನಾಗಿ ಉಂಡರು.

ದಿನಾಂಕ 6-4-1989, ಗುರುವಾರ, ಅಮಾವಾಸ್ಯೆ. ಭಾರತಮ್ಮ ಆ ದಿನ ಅರ್ಧ ದಿನಕ್ಕೆ ಕೆಲಸ ಮುಗಿಸಿದಳು. ಫ್ಲಾಪಿಯನ್ನು ಅದರ ಬಿಳಿ ಕಾಗದದ ಚೀಲಕ್ಕೆ ಹಾಕಿ ಮೇಜಿನ ಖಾನೆಯಲ್ಲಿಟ್ಟು, 'ಹೊಸ ವರ್ಷದ ಲೆಕ್ಕ ಪೂರ್ತಿ ಇದರಲ್ಲೇ ಅದೆ ಸಾರ್, ಮಡಚಬಾರದು' ಎಂದು ಹೇಳಿ ಬಸ್ಸಿಗೆ ಹೋದಳು. ಯಜಮಾನರು ಬಾಗಿಲು ಹಾಕಿ, ಉಂಡು, ಮಲಗಿದರು. ಆಗ ಸಮಯ ಸುಮಾರು ಎರಡು ಗಂಟೆ.

ನಾನು ಪರದೆ ಸರಿಸಿ ಒಳಗೆ ಹೋದೆ. ನಾನು ಚಪ್ಪಲಿ ಹಾಕಿರಲಿಲ್ಲ. ಖಾನೆ ತೆಗೆದು ಫ್ಲಾಪಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ದೇವರ ಮನೆಗೆ ತಂದೆ. ಕೆಡಿಸಬೇಕೆಂದು ತಂದದ್ದಲ್ಲ. ಕೆಡಿಸಬೇಕೆಂದಿದ್ದರೆ ಒಲೆ ಹತ್ತಿರದಲ್ಲೇ ಇತ್ತು. ಅವಳು ಹೊಡೆಯುವುದಕ್ಕೆ ಮುಂಚೆ ನನ್ನ ಸಾಲು ಅದರಲ್ಲಿ ಇರಬೇಕು, ಅವಳು ಏನು ಹೊಡೆದರೂ ನನ್ನದರ ಕೆಳಗೆ ಬರಬೇಕು, ಇಷ್ಟೇ ನನ್ನ ಮನಸ್ಸಿನಲ್ಲಿ ಇದ್ದದ್ದು.

ಮಣೆಯ ಮೇಲೆ ಇಟ್ಟು, ಅರಿಶಿನ ಕಲಸಿ, ನಾಲ್ಕು ಮೂಲೆಗೂ ಹಚ್ಚಿದೆ. ಆಮೇಲೆ ಎಲ್ಲಿ ಬರೆಯುವುದೆಂದು ನೋಡಿದೆ. ತೆರೆಯಲು ಹಾಳೆ ಇಲ್ಲ. ಮಗುಚಿ ಮಗುಚಿ ನೋಡಿದಾಗ, ಕಪ್ಪು ಹೊದಿಕೆಯಲ್ಲಿ ಹುಣಿಸೆ ಬೀಜದ ಆಕಾರದ ಉದ್ದನೆಯ ಕಿಂಡಿಯೊಂದು ಕಂಡಿತು. ಅದರೊಳಗೆ ಕಂದು ಬಣ್ಣದ ನುಣುಪು ಹಾಳೆ ಇತ್ತು. ಲೆಕ್ಕದ ಪುಟ ಇದೇ ಎಂದು ತಿಳಿದೆ. ಬೆಂಕಿಕಡ್ಡಿಯ ತುದಿಯನ್ನು ಅರಿಶಿನದಲ್ಲಿ ಅದ್ದಿ, ಆ ಕಿಂಡಿಯೊಳಗೆ 'ಶ್ರೀ' ಎಂದು ಬರೆದೆ. ಜಾಗ ಮುಗಿಯಿತು. ನಡುವೆ ಒಂದು ದುಂಡನೆಯ ತೂತಿದೆ. ಅದಕ್ಕೆ ಬೆರಳು ಹಾಕಿ ಬೀಸುವ ಕಲ್ಲಿನ ಹಾಗೆ ಮೆಲ್ಲಗೆ ತಿರುಗಿಸಿದರೆ ಒಳಗಿನ ಹಾಳೆ ತಿರುಗಿ ಹೊಸ ಜಾಗ ಬಂತು. ಅಲ್ಲಿ 'ಉಪ್ಪು' ಎಂದು ಬರೆದೆ. ಈ ಸಲ 'ಪ್ಪು' ಜಾರಲಿಲ್ಲ. ನನಗೆ ಬಹಳ ಸಂತೋಷವಾಯಿತು.

ಹಾಗೇ ಚೀಲಕ್ಕೆ ಹಾಕಿದರೆ ಒದ್ದೆ ಅಂಟಿಕೊಳ್ಳುತ್ತದೆಂದು, ಒಣಗಿಸಲು ಮಹಡಿಗೆ ತೆಗೆದುಕೊಂಡು ಹೋದೆ. ಮಹಡಿಯ ಮೇಲೆ ಹಿಂದಿನ ದಿನ ಇಟ್ಟಿದ್ದ ಸಂಡಿಗೆ ಎರಡನೇ ಬಿಸಿಲಿಗೆ ಬಿದ್ದಿತ್ತು. ಪಂಚೆಯ ಅಂಚಿನಲ್ಲಿ, ಸಂಡಿಗೆಯ ಸಾಲಿನ ಪಕ್ಕದಲ್ಲಿ ಫ್ಲಾಪಿಯನ್ನು ಇಟ್ಟು, ಪಾತ್ರೆ ತೊಳೆಯಲು ಕೆಳಗೆ ಬಂದೆ. ಪಾತ್ರೆ ಬಹಳ ಇತ್ತು. ತೊಳೆದು ಮುಗಿಸಿ ಮೇಲೆ ಹೋಗುವಷ್ಟರಲ್ಲಿ ಅದು ಎಣ್ಣೆಗೆ ಬಿಟ್ಟ ಹಪ್ಪಳದಂತೆ ನಾಲ್ಕು ಮೂಲೆಯೂ ಮೇಲಕ್ಕೆದ್ದು ಕುಳಿತಿತ್ತು. ನೇರವಾಗಲೆಂದು ತಂದು ಗುಂಡುಕಲ್ಲಿನ ಕೆಳಗೆ ಇಟ್ಟೆ. ಮೂಲೆಗಳು ಕುಳಿತವು, ನಡು ಎದ್ದಿತು. ಯಜಮಾನರು ಎದ್ದು ಕೆಮ್ಮಿದ ಸದ್ದು ಕೇಳಿ ರಾಗಿ ತುಂಬಿದ್ದ ಮಣ್ಣಿನ ವಾಡೆಯಲ್ಲಿ ಮೊಣಕೈಯವರೆಗೆ ಕೈ ಇಳಿಸಿ ಅದನ್ನು ಹುಗಿದೆ.

ದಿನಾಂಕ 7-4-1989, ಯುಗಾದಿ. ಭಾರತಮ್ಮ ಹೊಸ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಮನೆಯಿಂದ ಬೇವುಬೆಲ್ಲ ತಂದಳು. ಒಂಬತ್ತು ಗಂಟೆಗೆ ಒಳ್ಳೆ ಹೊತ್ತು ಎಂದಿದ್ದರು. ಖಾನೆ ತೆಗೆದಾಗ ಬಿಳಿ ಚೀಲ ಮಾತ್ರ ಇತ್ತು. ನಾನು ಗಾಬರಿಯಲ್ಲಿ ಚೀಲವನ್ನು ಅಲ್ಲೇ ಬಿಟ್ಟಿದ್ದೆ. ಯಜಮಾನರು ಮೊದಲು ಸುಮ್ಮನೆ ಹುಡುಕಿದರು, ಆಮೇಲೆ ಕೊನೆಗೆ ಮುಟ್ಟಿದವಳು ಹುಡುಗಿಯೇ ಎಂದು ಕೂಗಿದರು. ಪಕ್ಕದ ಸೈಕಲ್ ಅಂಗಡಿಯ ಚನ್ನರಾಯಪ್ಪನವರು ಬಂದು, 'ಏನಪ್ಪಾ ನರಸಿಂಹ, ನಿನ್ನ ಮಿಷನ್ನು ಹಬ್ಬಕ್ಕೆ ಅಂತ ತವರಿಗೆ ಹೋಯ್ತಾ?' ಎಂದರು. ಆಗಲೇ ಆಂಜಿನಮ್ಮ ನನ್ನ ಬಳಿಗೆ ಓಡಿಬಂದದ್ದು.

ಅಷ್ಟರಲ್ಲಿ ಭಾರತಮ್ಮನೇ ತನ್ನ ಕೈಚೀಲದಿಂದ ಒಂದು ಫ್ಲಾಪಿ ತೆಗೆದು, ಗಾಬರಿಯಾಗಬೇಡಿ, ನನ್ನ ಹತ್ತಿರ ಇನ್ನೊಂದಿದೆ ಎಂದಳು. ಅವಳು ಅದನ್ನು ಕೊಟ್ಟದ್ದು ಸಹಾಯಕ್ಕೆ. ಯಜಮಾನರ ಮುಖ ಕೆಂಪಾಯಿತು. 'ನಮ್ಮಪ್ಪನ ಕಾಲದಿಂದ ಈ ಅಂಗಡೀಲಿ ಒಂದೇ ಲೆಕ್ಕ. ಎರಡು ಲೆಕ್ಕ ಇಡೋರು ಕಳ್ಳರು ಕಣಮ್ಮ!' ಎಂದರು. ಅವಳು, 'ಎರಡು ಲೆಕ್ಕ ಅಲ್ಲ ಸಾರ್, ಒಂದೇ ಲೆಕ್ಕ, ಎರಡು ಕಡೆ. ಒಂದು ಸುಟ್ಟೋದ್ರೆ ಇನ್ನೊಂದಿರ್ಲಿ ಅಂತ ಕ್ಲಾಸಲ್ಲಿ ಹೇಳಿಕೊಟ್ಟವ್ರೆ' ಎಂದಳು. 'ಹಬ್ಬದ ದಿನ ಸುಟ್ಟೋಗೋ ಮಾತಾಡ್ತೀಯಾ? ಅದನ್ನ ನಿನ್ನ ಮನೇಲಿ ಯಾಕಿಟ್ಕೊಂಡೆ? ಯಾವ ಅಂಗಡಿಯೋನಿಗೆ ಕೊಡಕ್ಕೆ?' ಎಂದರು. ಚನ್ನರಾಯಪ್ಪನವರು, ಇನ್‌ಕಮ್ ಟ್ಯಾಕ್ಸಿನವರಿಗೆ ಇರಬೇಕು ಎಂದು ನಕ್ಕರು. ಹುಡುಗಿ ಅಳತೊಡಗಿದಳು.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಹೂರಣ ಬಾಯಿಗೆ ಹಾಕಿಕೊಂಡಂತಿತ್ತು. ಅವಳ ಹತ್ತು ಬೆರಳೂ ಮುಖ ಮುಚ್ಚಿಕೊಂಡಿದ್ದವು. ಯಜಮಾನರು ಎರಡು ತಿಂಗಳಲ್ಲಿ ಮೊದಲ ಸಲ ಅವಳನ್ನು ಗದರಿಸುತ್ತಿದ್ದರು. ಇದನ್ನು ಹೀಗೆಯೇ ಬರೆದುಕೊಳ್ಳಬೇಕು.

ಆಗ ಅವಳು ಅಳುತ್ತಲೇ, 'ಬೇಕಾದ್ರೆ ಹಾಕಿ ನೋಡಿ ಸಾರ್. ಒಂದನೇ ನಂಬರು ಇನ್ನೂ ಖಾಲಿ ಅದೆ. ಕದಿಯೋಳಾಗಿದ್ರೆ ಅದನ್ನ್ಯಾಕೆ ಬಿಡ್ತಿದ್ದೆ? ಅದು ಅಕ್ಕಂದು. ಅಕ್ಕನ ಕೈಲೇ ಒತ್ತಿಸೋಣ ಅಂತಿದ್ದೆ' ಎಂದಳು. ಯಜಮಾನರು ಹಾಕಿ ನೋಡಲಿಲ್ಲ. ಹಾಕಲು ಅವರಿಗೆ ಬರುವುದೂ ಇಲ್ಲ. ಆ ಫ್ಲಾಪಿಯನ್ನು ಕರವಸ್ತ್ರದಲ್ಲಿ ಸುತ್ತಿ, ಠಾಣೆಗೆ ಹೋಗಿ ದೂರು ಕೊಟ್ಟರು. ಠಾಣೆಯವರು ಅದನ್ನು ಕವರಿನಲ್ಲಿ ಹಾಕಿ ಅರಗು ಒತ್ತಿದರು.

ಕಾವಲಿಯ ಮೇಲಿನ ಹೋಳಿಗೆ ಸೀದು ಹೋಯಿತು. ಹುಡುಗಿ ಅಷ್ಟು ಒಳ್ಳೆಯವಳಾದದ್ದಕ್ಕೆ ನನಗೆ ಇನ್ನೂ ಹೆಚ್ಚು ಹೊಟ್ಟೆ ಉರಿಯಿತು. ನನ್ನ ಸಾಲನ್ನು ನಾನು ಕದ್ದು ಬರೆದಿದ್ದೆ, ಅವಳು ಅದನ್ನು ನನಗೆಂದೇ ಎತ್ತಿಟ್ಟಿದ್ದಳು. ಕೆಟ್ಟವಳಾಗಿದ್ದರೆ ನಾನು ಸುಮ್ಮನಿರಬಹುದಾಗಿತ್ತು.

ಆದರೂ ನಿನ್ನೆ ನಾನು ಹೇಳಲಿಲ್ಲ. ಯಜಮಾನರ ಮುಖ ನೋಡಿ ಧೈರ್ಯ ಬರಲಿಲ್ಲ.

ಈ ದಿನ ಬೆಳಿಗ್ಗೆ ಹತ್ತು ಗಂಟೆಗೆ ಅವಳ ತಂದೆ ಶ್ರೀನಿವಾಸಪ್ಪನವರು ಬಂದರು. ಯಜಮಾನರು ಠಾಣೆಗೆ ಹೋಗಿದ್ದರು. ಅವರು ಹಲಗೆ ಓದಿ, ಅಂಗಡಿಯ ಹೊರಗೇ ಚಪ್ಪಲಿ ಬಿಟ್ಟು, ಬಿಸಿಲಲ್ಲಿ ಬರಿಗಾಲಲ್ಲಿ ನಿಂತರು. ನಾಳೆ ಭಾನುವಾರ ಮಾಲೂರಿನಿಂದ ಗಂಡಿನ ಕಡೆಯವರು ವೀಳ್ಯ ಬದಲಾಯಿಸಲು ಬರುತ್ತಿದ್ದಾರೆ, ಪೊಲೀಸಿನವರು ಮಗಳನ್ನು ಕರೆಸಿದ್ದಾರೆಂದು ಅವರ ಕಿವಿಗೆ ಬಿದ್ದರೆ ಬಸ್ಸಿನಿಂದಲೇ ಇಳಿಯುವುದಿಲ್ಲ ಎಂದರು. 'ಅಮ್ಮಾ, ನಮ್ಮ ಹುಡುಗಿ ತಪ್ಪು ಮಾಡಿದ್ರೆ ನಾನೇ ಹೊಡೀತೀನಿ. ಮಾಡವ್ಳಾ ಅಂತ ನೀವು ಒಂದ್ ಮಾತು ಹೇಳಿ. ನಿಮ್ಮ ಮಾತು ಕೇಳ್ಕೊಂಡು ಹೋಗ್ತೀನಿ' ಎಂದರು. ಚಪ್ಪಲಿ ಹಾಕಿಕೊಳ್ಳಿ ಅಣ್ಣಾ, ಕಾಲು ಸುಡುತ್ತದೆ ಎಂದೆ. ಅವರು ಹಾಕಿಕೊಳ್ಳಲಿಲ್ಲ. ಆಗ ನಾನು ಆಂಜಿನಮ್ಮನನ್ನು ಠಾಣೆಗೆ ಕಳುಹಿಸಿ, ಹೇಳುವುದು ಇದೆ, ಮನೆಗೆ ಬರಬೇಕು ಎಂದು ತಮಗೆ ತಿಳಿಸಿದೆ.

ಹೆಡ್ ಕಾನ್‌ಸ್ಟೆಬಲ್‌ರವರಾದ ತಾವು, ಕಾನ್‌ಸ್ಟೆಬಲ್ ಕದಿರೇಶ, ನಮ್ಮ ಯಜಮಾನರು, ಶ್ರೀನಿವಾಸಪ್ಪನವರು, ಆಂಜಿನಮ್ಮ ಇವರೆಲ್ಲರ ಮುಂದೆ ನಾನು ವಾಡೆಯಲ್ಲಿ ಕೈ ಇಳಿಸಿ ಫ್ಲಾಪಿಯನ್ನು ತೆಗೆದುಕೊಟ್ಟಿದ್ದೇನೆ. ಮೇಲೆಲ್ಲ ರಾಗಿ ಮೆತ್ತಿತ್ತು. ಕದಿರೇಶ ಅದನ್ನು ಮೂಸಿ ನೋಡಿ, 'ಇಂಗಿನ ವಾಸನೆ ಬರ್ತದೆ ಸಾರ್' ಎಂದು ಹೇಳಿದರು. ತಾವು ಬೆಳಕಿಗೆ ಹಿಡಿದು, ಕಿಂಡಿಯೊಳಗಿನ ಅಕ್ಷರವನ್ನು ಗಟ್ಟಿಯಾಗಿ ಓದಿದಿರಿ. ಯಜಮಾನರು ಕಂಬ ಹಿಡಿದುಕೊಂಡು ನಿಂತಿದ್ದರು. 'ಲೇ, ಇದನ್ಯಾಕೆ ನಂಗೆ ಹೇಳಲಿಲ್ಲ?' ಎಂದರು. ಹೇಳಿದೆ, ನೀವು ನಕ್ಕಿರಿ ಎಂದೆ.

ಹೇಳಿಕೆಯನ್ನು ಓದಿ ಹೇಳುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಯಿತು. ಕರೆಂಟು ಹೋಯಿತು. ಪಿ.ಎಸ್.ಐ. ಸಾಹೇಬರಿಗೆ ಫ್ಲಾಪಿ ತೋರಿಸಬೇಕಾದ್ದರಿಂದ ರುಜುವನ್ನು ನಾಳೆ ಪಡೆಯುವುದಾಗಿ ಹೇಳಿ ತಾವು ಹೊರಟಿರಿ.

ಮುಂದುವರಿದ ಹೇಳಿಕೆ. ದಿನಾಂಕ 9-4-1989, ಭಾನುವಾರ, ಬೆಳಿಗ್ಗೆ 10-30 ಗಂಟೆ. ಅದೇ ಸ್ಥಳ.

ನಿನ್ನೆ ನನ್ನ ಹೇಳಿಕೆಯನ್ನು ಕೇಳಿದವರು ಈ ಬೆಳಿಗ್ಗೆ ಏನು ಮಾಡಿದರು ಎಂಬುದನ್ನೂ ಸೇರಿಸಬೇಕೆಂದು ನಾನು ಕೇಳಿಕೊಂಡಿದ್ದೇನೆ. ಇದು ಕೇಸಿಗೆ ಬೇಕಾಗಿಲ್ಲ ಎಂದು ತಾವು ಹೇಳಿದಿರಿ. ನನಗೆ ಬೇಕು ಎಂದೆ.

ನಮ್ಮ ಯಜಮಾನರು ಸ್ನಾನಕ್ಕೂ ಮುಂಚೆ ಪರದೆಯೊಳಗೆ ಹೋಗಿ, ಕಂಪ್ಯೂಟರಿನ ಮೇಲಿನ ಶಾಲನ್ನು ತೆಗೆದು, ಕೊಡವಿ, ಮಡಚಲು ಬಾರದೆ ಸುತ್ತಿ ನನ್ನ ಟ್ರಂಕಿನ ಮೇಲೆ ಇಟ್ಟರು. ಅದಕ್ಕೆ ಗೊಬ್ಬರದ ಚೀಲವೊಂದನ್ನು ತೊಳೆದು ಹೊದಿಸಿದರು. ಆಮೇಲೆ ಠಾಣೆಗೆ ಹೋಗಿ, ಕಳುವಾಗಿಲ್ಲ ಎಂದು ಬರೆದುಕೊಟ್ಟು ದೂರು ವಾಪಸು ತೆಗೆದುಕೊಂಡರು. ಬರುವಾಗ ಒಂದು ಪೊಟ್ಟಣ ಉಪ್ಪು ತಂದು ನನ್ನ ಕೈಗೆ ಕೊಟ್ಟರು. ಆಂಜಿನಮ್ಮ ಅರ್ಧ ಬೀದಿಗೆ ನಿಜವನ್ನು ಹೇಳಿ ಬಂದಳು. ಉಳಿದ ಅರ್ಧ ಬೀದಿಗೆ ಚನ್ನರಾಯಪ್ಪನವರು ಹೇಳಿದ್ದಾರೆ. ಕಾನ್‌ಸ್ಟೆಬಲ್ ಕದಿರೇಶ ಎಲ್ಲರಿಗಿಂತ ಮುಂಚೆ ಬಂದು, ಹೊಸದಾಗಿ ಕೊಂಡ ಸೈಕಲ್ಲಿನ ಹ್ಯಾಂಡಲಿಗೆ ನನ್ನಿಂದ ಅರಿಶಿನ ಹಚ್ಚಿಸಿಕೊಂಡು, ಒಂದು ಹಿಡಿ ಸಂಡಿಗೆ ಕಟ್ಟಿಸಿಕೊಂಡರು. ತಾವು ಅರಗು ಒತ್ತಿದ್ದ ಕವರನ್ನು ಒಡೆದು ಎರಡನೇ ಫ್ಲಾಪಿಯನ್ನು ಹಿಂದಕ್ಕೆ ಕೊಟ್ಟಿರಿ.

ಶ್ರೀನಿವಾಸಪ್ಪನವರು ಮೊದಲ ಬಸ್ಸಿಗೆ ಮಗಳನ್ನು ಕರೆದುಕೊಂಡು ಬಂದರು. ಮಾಲೂರಿನವರು ಮಧ್ಯಾಹ್ನಕ್ಕೆ ವಕ್ಕಲೇರಿಗೆ ಬರುತ್ತಾರೆ, ಅಷ್ಟರಲ್ಲಿ ಹಿಂದಿರುಗಬೇಕು ಎಂದರು. ಭಾರತಮ್ಮನ ಕಣ್ಣು ಇನ್ನೂ ಊದಿತ್ತು. ನಾನು ಅವಳಿಗೆ ಏನು ಹೇಳಬೇಕೆಂದು ರಾತ್ರಿಯೆಲ್ಲ ಯೋಚಿಸಿದ್ದೆ. ಅವಳ ಮುಂದೆ ಅದು ಬಾಯಿಗೆ ಬರಲಿಲ್ಲ. ಕಾಫಿ ಕುಡೀತೀಯೇನೇ ಎಂದೆ. 'ಆಚೆ ಕೂತು ಕುಡೀತೀನಿ ಅಕ್ಕಾ' ಎಂದಳು. ಅಷ್ಟು ಅತ್ತ ಮೇಲೂ ಅವಳಿಗೆ ಆ ನಿಯಮ ಮರೆತಿರಲಿಲ್ಲ.

ಅವಳು ಕಂಪ್ಯೂಟರನ್ನು ಚಾಲು ಮಾಡಿ ತನ್ನ ಫ್ಲಾಪಿ ಹಾಕಿದಳು. ಹಸಿರು ಅಕ್ಷರ ಬಂತು. ಎರಡು, ಮೂರು, ನಾಲ್ಕು ಎಂದು ಕೆಳಗೆ ಸಾಲಾಗಿ ತುಂಬಿತ್ತು. ಎಲ್ಲಕ್ಕಿಂತ ಮೇಲೆ ಒಂದು ಎಂಬ ಅಂಕೆಯ ಮುಂದೆ ಏನೂ ಇರಲಿಲ್ಲ. ಅವಳು ನನ್ನನ್ನು ಕುರ್ಚಿಯ ಮೇಲೆ ಕೂರಿಸಿದಳು. ಇಂಗ್ಲಿಷ್ ನನಗೆ ಬರುವುದಿಲ್ಲ ಎಂದೆ. 'ಎರಡೇ ಗುಂಡಿ ಅಕ್ಕಾ' ಎಂದು, ದೇವರ ಮನೆಯಿಂದ ಒಣ ಅರಿಶಿನ ತಂದು ಎರಡು ಗುಂಡಿಗಳ ಮೇಲೆ ಒಂದೊಂದು ಚುಕ್ಕೆ ಇಟ್ಟಳು. ಮಜ್ಜಿಗೆ ಬರಬಾರದ ಜಾಗಕ್ಕೆ ಅರಿಶಿನ ಬಂತು. ಯಜಮಾನರು ಬಾಯಿ ತೆರೆದು, ಮುಚ್ಚಿಕೊಂಡರು. ಮೊದಲು ಎಡಗಡೆಯದು ಒಂದು ಸಲ, ಆಮೇಲೆ ಬಲಗಡೆಯದು ಎರಡು ಸಲ, ಮತ್ತೆ ಎಡಗಡೆಯದು ಎಂದಳು. ನನ್ನ ಬೆರಳು ಹಿಡಿಯಲು ಬಂದಳು. ಬೇಡ, ನಾನೇ ಒತ್ತುತ್ತೇನೆ ಎಂದೆ. ಒತ್ತಿದೆ. ಒಂದನೇ ನಂಬರಿನ ಮುಂದೆ ನಾಲ್ಕು ಹಸಿರು ಅಕ್ಷರ ನಿಂತವು. ಉಪ್ಪು ಎಂದು ಅವಳು ಓದಿದಳು. ನನಗೆ ಓದಲು ಬರದಿದ್ದರೂ ಅದು ನನ್ನದೆಂದು ಗುರುತು ಹತ್ತಿತು.

ಜಡೆಗೆ ಹೂವು ಮುಡಿಸಿ ಅವಳನ್ನು ಬಸ್ಸಿಗೆ ಕಳುಹಿಸಿದೆ. ಆ ಜಡೆ ನನ್ನ ಕೈಯಲ್ಲಿ ಭಾರವಾಗಿಯೇ ಇತ್ತು. ನನ್ನ ಕೂದಲು ಅವಳ ವಯಸ್ಸಿನಲ್ಲೂ ಅಷ್ಟು ಇರಲಿಲ್ಲ. ಟೇಬಲ್ ಫ್ಯಾನು ಈಗಲೂ ಕಂಪ್ಯೂಟರಿನ ಕಡೆಗೇ ತಿರುಗಿದೆ. ಇದನ್ನೂ ಬರೆದುಕೊಳ್ಳಬೇಕು.

ಎರಡು ದಿನವೂ ನಾನು ಹೇಳಿದ್ದನ್ನು ನನಗೆ ಓದಿ ಕೇಳಿಸಿದ್ದಾರೆ. ಹೇಳಿದ್ದೆಲ್ಲ ಇದೆ, ಹೇಳದ್ದು ಯಾವುದೂ ಸೇರಿಲ್ಲ, ಎಲ್ಲವೂ ನಿಜ. ಕದಿರೇಶರವರು ಹೆಬ್ಬೆಟ್ಟಿಗೆಂದು ಮಸಿಯ ಡಬ್ಬಿಯನ್ನು ತೆರೆದಿಟ್ಟಿದ್ದರು, ಮುಚ್ಚಿಸಿದ್ದೇನೆ. ಈ ವರ್ಷ ನಾನು ಒಂದು ಸಾಲನ್ನು ಅರಿಶಿನದಲ್ಲಿ ಬರೆದು ಕೆಡಿಸಿದೆ, ಒಂದನ್ನು ಬೆರಳಲ್ಲಿ ಒತ್ತಿದೆ. ಕೆಳಗಿನದು ಮೂರನೆಯದು. ಸ್ವಲ್ಪ ಹೊತ್ತು ಹಿಡಿಯುತ್ತದೆ, ಎಲ್ಲರೂ ಕಾಯಬೇಕು.

ಸ್ಥಳ: ಕೋಲಾರ
ದಿನಾಂಕ: 9-4-1989

(ರುಜು) ಗಂಗರತ್ನಮ್ಮ

ನನ್ನ ಸಮಕ್ಷಮ,
(ರುಜು) ಮುನಿಕೃಷ್ಣಪ್ಪ, ಹೆಡ್ ಕಾನ್‌ಸ್ಟೆಬಲ್